ಮೊದಲ ಶೆಲ್ಲೇ ಗುರಿ ಮುಟ್ಟಬೇಕು

ಮಾರ್ಟರ್‌ಗಳಿಗೆ ಡಿಜಿಟಲ್ ಫೈರ್ ಕಂಟ್ರೋಲ್ ಬಂದ ಮೇಲೆ ಹಲವು ನಿಮಿಷಗಳ ಲೆಕ್ಕ ಕ್ಷಣಮಾತ್ರದ ಕೆಲಸವಾಗಿದೆ. ಈ ಯಂತ್ರವನ್ನು ಕೊಳ್ಳುವ ಸೇನೆಗಳು ಟೆಂಡರ್ ಬರೆಯುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ.

ಮಾರ್ಟರ್‌ನ ರಚನೆ ಬಹಳ ಸರಳ. ಒಂದು ನಳಿಗೆ, ಅದರ ಬುಡದಲ್ಲಿ ನೆಲ ಕಚ್ಚಿ ಕೂರುವ ತಳಫಲಕ, ಮುಂದೆ ಎರಡು ಕಾಲು. ಮೇಲಿನಿಂದ ಶೆಲ್ ಇಳಿಬಿಟ್ಟರೆ ತಳದ ಪಿನ್ನಿಗೆ ಬಡಿದು ಅದು ಆಕಾಶಕ್ಕೆ ಹಾರುತ್ತದೆ. 1915ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಲ್ಫ್ರೆಡ್ ಸ್ಟೋಕ್ಸ್ ಕೊಟ್ಟ ಈ ರೂಪ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಕಾಲಾಳು ಸೈನಿಕ ಸಂಕಟದಲ್ಲಿದ್ದಾಗ ಎಲ್ಲಕ್ಕಿಂತ ಮೊದಲು ಒದಗಿಬರುವ ಭಾರಿ ಆಯುಧ ಇದು.

ಕಷ್ಟವೆಲ್ಲ ಇರುವುದು ಗುರಿ ಹಿಡಿಯುವುದರಲ್ಲಿ. ಮಾರ್ಟರ್ ಹಾರಿಸುವವರಿಗೆ ಸಾಮಾನ್ಯವಾಗಿ ಗುರಿ ಕಾಣುವುದೇ ಇಲ್ಲ. ಅದು ಗುಡ್ಡದ ಆಚೆಗೋ ಊರಿನ ಹಿಂದಕ್ಕೋ ಇರುತ್ತದೆ. ಮುಂಚೂಣಿಯ ವೀಕ್ಷಕ ರೇಡಿಯೊದಲ್ಲಿ ಸ್ಥಳ ಹೇಳುತ್ತಾನೆ, ಲೆಕ್ಕ ಹಾಕುವವರು ಕೋನ ತಿಳಿಸುತ್ತಾರೆ, ಗನ್ನರ್ ನಳಿಗೆಯನ್ನು ತಿರುಗಿಸುತ್ತಾನೆ. ಈ ಮೂವರಲ್ಲಿ ಯಾರ ಕೈ ತಪ್ಪಿದರೂ ಶೆಲ್ ಬೇರೆಲ್ಲೋ ಬೀಳುತ್ತದೆ.

ಕೈಲೆಕ್ಕದ ಕಾಲ

ಹಳೆಯ ಪದ್ಧತಿಯಲ್ಲಿ ಮಾರ್ಟರ್ ನಿಲ್ಲಿಸಿದ ಕೂಡಲೇ ದಿಕ್ಕು ಕಟ್ಟಬೇಕು. ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ನೆಲಕ್ಕೆ ನೆಟ್ಟು, ಸೈಟ್‌ನ ಗೆರೆಯನ್ನು ಅವುಗಳಿಗೆ ಹೊಂದಿಸಬೇಕು. ಇತ್ತ ಲೆಕ್ಕದವರು ಪ್ಲಾಟಿಂಗ್ ಬೋರ್ಡ್ ಮೇಲೆ ಚುಕ್ಕಿ ಇಟ್ಟು, ಫೈರಿಂಗ್ ಟೇಬಲ್ ತೆರೆದು, ದೂರಕ್ಕೆ ತಕ್ಕ ಕೋನವನ್ನೂ ಶೆಲ್ಲಿಗೆ ಕಟ್ಟಬೇಕಾದ ಮದ್ದಿನ ಪ್ರಮಾಣವನ್ನೂ ಹುಡುಕಬೇಕು. ಅಳತೆಯೆಲ್ಲ ಮಿಲ್‌ಗಳಲ್ಲಿ. ಒಂದು ಪೂರ್ಣ ವೃತ್ತಕ್ಕೆ 6,400 ಮಿಲ್. ಒಂದು ಮಿಲ್ ತಪ್ಪಿದರೆ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಸರಿಯುತ್ತದೆ. 120 ಮಿಲಿಮೀಟರ್ ಮಾರ್ಟರ್‌ನ ಶೆಲ್ ಏಳು ಕಿಲೋಮೀಟರ್ ಹಾರಬಲ್ಲದು. ಅಷ್ಟು ದೂರಕ್ಕೆ ಹತ್ತು ಮಿಲ್ ತಪ್ಪಿದರೆ ಶೆಲ್ ಸುಮಾರು 70 ಮೀಟರ್ ಪಕ್ಕಕ್ಕೆ ಹೋಯಿತೆಂದೇ ಲೆಕ್ಕ.

ಆದ್ದರಿಂದ ಮೊದಲ ಶೆಲ್ ಎಲ್ಲಿ ಬಿತ್ತೆಂದು ನೋಡಿ, ಎರಡನೆಯದನ್ನು ತಿದ್ದಿ, ಮೂರನೆಯದನ್ನು ಹತ್ತಿರಕ್ಕೆ ತರುವುದು ರೂಢಿ. ಆ ಹೊತ್ತಿಗೆ ಎದುರಾಳಿ ಬಚ್ಚಿಟ್ಟುಕೊಂಡಿರುತ್ತಾನೆ, ಅವನ ರಾಡಾರ್ ನಮ್ಮ ಶೆಲ್ಲಿನ ಹಾದಿ ಹಿಡಿದು ಮಾರ್ಟರ್ ಇರುವ ಜಾಗವನ್ನೇ ಪತ್ತೆ ಮಾಡಿರುತ್ತದೆ. ತಿದ್ದುವ ಶೆಲ್ಲುಗಳು ಬೀಳುವ ಕಡೆ ಮನೆಗಳಿದ್ದರೆ ಅದರ ಬೆಲೆ ತೆರುವವರು ಯುದ್ಧಕ್ಕೆ ಸಂಬಂಧವೇ ಇಲ್ಲದ ಜನ.

ಯಂತ್ರ ಮಾಡುವುದೇನು?

ಅಮೆರಿಕದ ಸೇನೆ ಈ ದಾರಿಯಲ್ಲಿ ಬಹುದೂರ ಬಂದಿದೆ. 1980ರ ದಶಕದಲ್ಲೇ ಅದು ಮಾರ್ಟರ್ ಲೆಕ್ಕಕ್ಕೆಂದು ಪುಟ್ಟ ಕಂಪ್ಯೂಟರ್ ಕೊಂಡಿತ್ತು. ನಂತರ ಬಂದದ್ದು ಎಂ95 ಎಂಬ ಮಾರ್ಟರ್ ಫೈರ್ ಕಂಟ್ರೋಲ್ ಸಿಸ್ಟಂ. ಇದನ್ನು ಸ್ಟ್ರೈಕರ್‌ನಂಥ ವಾಹನಗಳ ಮೇಲಿನ 120 ಮಿಲಿಮೀಟರ್ ಮಾರ್ಟರ್‌ಗಳಿಗೆ ಅಳವಡಿಸಲಾಗಿದೆ. ನೆಲದ ಮೇಲಿಟ್ಟು ಹಾರಿಸುವ ಮಾರ್ಟರ್‌ಗೆ ಎಂ150, ಹಗುರ ಮಾರ್ಟರ್ ಹೊತ್ತು ನಡೆಯುವವರಿಗೆ ಅಂಗೈ ಗಾತ್ರದ ಎಂ32.

ಎಂ95ರ ಜೀವಾಳ ನಳಿಗೆ ಯಾವ ದಿಕ್ಕಿಗಿದೆ, ಎಷ್ಟು ಎತ್ತಿದೆ ಎಂದು ಸತತವಾಗಿ ಹೇಳುವ ಜಡತ್ವ ಸಂಚರಣೆ ಸಾಧನ. ಜಿಪಿಎಸ್‌ಗೆ ಎದುರಾಳಿ ಅಡ್ಡಿ ಮಾಡಿದರೂ ದಿಕ್ಕಿನ ಅರಿವು ಉಳಿಯುತ್ತದೆ. ಕೋಲು ನೆಡುವ ಕೆಲಸವೇ ಇಲ್ಲ. ವೀಕ್ಷಕನ ಸಂದೇಶ ಡಿಜಿಟಲ್ ರೂಪದಲ್ಲಿ ನೇರ ಕಂಪ್ಯೂಟರಿಗೆ ಬರುತ್ತದೆ. ಗಾಳಿ, ಉಷ್ಣತೆ, ಮದ್ದಿನ ಬಿಸಿ ಎಲ್ಲವನ್ನೂ ಸೇರಿಸಿ ಲೆಕ್ಕ ಸಿದ್ಧವಾಗುತ್ತದೆ. ಗನ್ನರ್‌ನ ಮುಂದಿನ ಪರದೆ ಎಷ್ಟು ತಿರುಗಿಸಬೇಕೆಂದು ತೋರಿಸಿದರೆ, ಚಾಲಕನ ಪರದೆ ವಾಹನವನ್ನು ಯಾವ ಕಡೆಗೆ ನಿಲ್ಲಿಸಬೇಕೆಂದು ತೋರಿಸುತ್ತದೆ. ಅಮೆರಿಕದ ಸೇನೆಯ ಪ್ರಕಾರ ವಾಹನದಿಂದ ಒಂದು ನಿಮಿಷದೊಳಗೆ, ನೆಲದ ಮಾರ್ಟರ್‌ನಿಂದ ಎರಡು ನಿಮಿಷದೊಳಗೆ ಶೆಲ್ ಹಾರಿಸಬಹುದು.

ನಿಖರತೆಯಲ್ಲೂ ಫಲ ಸ್ಪಷ್ಟ. ಹಾರಿಸಿದ ಶೆಲ್ಲುಗಳಲ್ಲಿ ಅರ್ಧದಷ್ಟು ಎಷ್ಟು ತ್ರಿಜ್ಯದ ವೃತ್ತದೊಳಗೆ ಬೀಳುತ್ತವೆ ಎಂಬುದು ಇಲ್ಲಿನ ಅಳತೆಗೋಲು. ಅಮೆರಿಕದ ಸೇನೆಯ ಅಂಕಿಯಂತೆ ಗರಿಷ್ಠ ದೂರದಲ್ಲಿ ಸಾಮಾನ್ಯ 120 ಮಿಲಿಮೀಟರ್ ಮಾರ್ಟರ್‌ಗೆ ಅದು 136 ಮೀಟರ್. ಸ್ಥಾನ, ದಿಕ್ಕುಗಳನ್ನು ಕರಾರುವಾಕ್ಕಾಗಿ ಹೇಳುವ ಸಾಧನ ಜೋಡಿಸಿದರೆ 76 ಮೀಟರ್. ಎಂದರೆ ಶೆಲ್ ಚೆಲ್ಲುವ ನೆಲದ ವಿಸ್ತೀರ್ಣ ಮೂರನೇ ಒಂದಕ್ಕೂ ಕಡಿಮೆಯಾಯಿತು. 2011ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿದ ಜಿಪಿಎಸ್ ಮಾರ್ಗದರ್ಶಿತ ಶೆಲ್ಲಿಗೆ ನಿಗದಿಯಾಗಿದ್ದ ಮಿತಿ ಕೇವಲ 10 ಮೀಟರ್.

ಸೊನ್ನೆ ಎಂದು ನಂಬಿದ ಕಂಪ್ಯೂಟರ್

ಇಷ್ಟೆಲ್ಲ ಗುಣವಿರುವ ಯಂತ್ರಗಳು ಜೀವವನ್ನೂ ತೆಗೆದಿವೆ. 2002ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್‌ನಲ್ಲಿ ತಾಲೀಮು ನಡೆಯುತ್ತಿದ್ದಾಗ ಫಿರಂಗಿಯ ಶೆಲ್ಲುಗಳು ತಮ್ಮವರ ಮೇಲೇ ಬಿದ್ದು ಇಬ್ಬರು ಸೈನಿಕರು ಸತ್ತರು. ಗುರಿಯ ಎತ್ತರವನ್ನು ನಮೂದಿಸಿರಲಿಲ್ಲ. ಜಾಗ ಖಾಲಿ ಬಿಟ್ಟರೆ ಎತ್ತರ ಸೊನ್ನೆ, ಅಂದರೆ ಸಮುದ್ರಮಟ್ಟ, ಎಂದು ಕಂಪ್ಯೂಟರ್ ತಾನಾಗಿಯೇ ತಿಳಿದುಕೊಳ್ಳುತ್ತಿತ್ತು.

ಅದಕ್ಕೂ ಮೂರು ತಿಂಗಳ ಹಿಂದೆ, 2001ರ ಡಿಸೆಂಬರ್ 5ರಂದು, ಕಂದಹಾರ್‌ನ ಉತ್ತರಕ್ಕೆ ಇದೇ ಜಾತಿಯ ದುರಂತವಾಗಿತ್ತು. ವಿಮಾನಕ್ಕೆ ಗುರಿ ಹೇಳುತ್ತಿದ್ದ ಸೈನಿಕ ತನ್ನ ಜಿಪಿಎಸ್ ಸಾಧನದ ಬ್ಯಾಟರಿ ಬದಲಿಸಿದ. ಮತ್ತೆ ಚಾಲೂ ಆದ ಸಾಧನ ಶತ್ರುವಿನ ಜಾಗದ ಬದಲು ಅವನು ನಿಂತ ಜಾಗವನ್ನೇ ತೋರಿಸಿತು. ಬಾಂಬು ಅಲ್ಲಿಗೇ ಬಂತು. ಅಮೆರಿಕದ ಮೂವರು ಸೈನಿಕರೂ ಹಲವು ಅಫ್ಘನ್ನರೂ ಸತ್ತರು. ಮುಂದೆ ಅಧ್ಯಕ್ಷರಾದ ಹಮೀದ್ ಕರ್ಜೈ ಗಾಯಗೊಂಡರು.

ಇವೆರಡೂ ಮಾರ್ಟರ್ ಪ್ರಕರಣಗಳಲ್ಲ. ಪಾಠ ಮಾತ್ರ ಮಾರ್ಟರ್‌ಗೂ ಒಂದೇ. ಎರಡೂ ಕಡೆ ಯಂತ್ರ ಕೆಟ್ಟಿರಲಿಲ್ಲ, ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ಆದ್ದರಿಂದ ಮಾಹಿತಿ ಸಾಲದಾಗ ಸಾಧನ ತಾನೇ ಊಹಿಸುತ್ತದೆಯೋ, ನಿಂತು ಕೇಳುತ್ತದೆಯೋ ಎಂಬುದು ಖರೀದಿ ಪತ್ರದ ಮೊದಲ ಪ್ರಶ್ನೆಯಾಗಬೇಕು.

ಕೊಂಡ ಮೇಲಿನ ಇಪ್ಪತ್ತು ವರ್ಷ

ಎರಡನೆಯ ಪ್ರಶ್ನೆ ಸಾಫ್ಟ್‌ವೇರಿನ ಒಡೆತನದ್ದು. ಹೊಸ ಶೆಲ್, ಹೊಸ ಫ್ಯೂಸ್, ಹೊಸ ಮದ್ದು ಬಂದಾಗಲೆಲ್ಲ ಲೆಕ್ಕದ ಕೋಷ್ಟಕ ತಿದ್ದಬೇಕು. ಪ್ರತಿ ಸಲವೂ ಮಾರಿದವನ ಬಾಗಿಲು ತಟ್ಟುವಂತಾದರೆ ಆಯುಧ ನಮ್ಮದಾಗಿಯೂ ಅದರ ಬುದ್ಧಿ ಪರರದಾಗುತ್ತದೆ. ನೇಟೊ ದೇಶಗಳು ಇದಕ್ಕೆಂದೇ ಹಾರುವಿಕೆಯ ಲೆಕ್ಕ ಮಾಡುವ ಸಾಫ್ಟ್‌ವೇರ್ ತಿರುಳನ್ನು ಒಟ್ಟಾಗಿ ರೂಪಿಸಿ ಹಂಚಿಕೊಂಡಿವೆ. ಉಕ್ರೇನ್‌ನಲ್ಲಿ ಸ್ವಯಂಸೇವಕರು ಕಟ್ಟಿದ ಕ್ರೋಪಿವಾ ಎಂಬ ವ್ಯವಸ್ಥೆ ಸಾಧಾರಣ ಟ್ಯಾಬ್ಲೆಟ್ ಮೇಲೆ ಓಡುತ್ತ ಯುದ್ಧಭೂಮಿಯಲ್ಲಿ ನೆಲೆಯೂರಿದೆ. ಸಾಫ್ಟ್‌ವೇರ್ ಕೈಯಲ್ಲಿದ್ದರೆ ದುಬಾರಿ ಪೆಟ್ಟಿಗೆಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ಭಾರತದಲ್ಲಿ 81 ಮಿಲಿಮೀಟರ್ ಮಾರ್ಟರ್ ಕಾಲಾಳು ಬೆಟಾಲಿಯನ್‌ಗಳ ಕೈಯಲ್ಲಿದೆ, 120 ಮಿಲಿಮೀಟರ್‌ನದು ಫಿರಂಗಿ ದಳದ ಲೈಟ್ ರೆಜಿಮೆಂಟುಗಳಲ್ಲಿದೆ. ಮರಳುಗಾಡಿನ ಕಾವಿನಿಂದ ಹಿಮಾಲಯದ ತೆಳುಗಾಳಿಯವರೆಗೆ ಅವು ದುಡಿಯಬೇಕು. ಎತ್ತರದಲ್ಲಿ ಗಾಳಿ ತೆಳುವಾದಷ್ಟೂ ಶೆಲ್ ಹೆಚ್ಚು ದೂರ ಹೋಗುತ್ತದೆ, ಚಳಿ ಏರಿದಷ್ಟೂ ಬ್ಯಾಟರಿ ಬೇಗ ಸೋಲುತ್ತದೆ. ಬಯಲುಸೀಮೆಯಲ್ಲಿ ಗೆದ್ದ ಸಾಧನ ಲಡಾಖ್‌ನಲ್ಲೂ ಗೆಲ್ಲುತ್ತದೆಂದು ಯಾರೂ ನೆಚ್ಚಬಾರದು.

ಈ ಕೆಲಸಕ್ಕೆ ಬೇಕಾದ ಜಾಣ್ಮೆ ನಮ್ಮಲ್ಲಿ ಇಲ್ಲದಿಲ್ಲ. ಫಿರಂಗಿ ದಳದ ಶಕ್ತಿ ಎಂಬ ಡಿಜಿಟಲ್ ನಿಯಂತ್ರಣ ವ್ಯವಸ್ಥೆಯ ಹಿಂದೆ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಕೇರ್ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್‌ನ ದುಡಿಮೆಯಿದೆ. 2020ರ ರಕ್ಷಣಾ ಖರೀದಿ ವಿಧಾನವೂ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಸಾಧನಕ್ಕೆ ಮೊದಲ ಮಣೆ ಹಾಕುತ್ತದೆ.

ಪರೀಕ್ಷೆಯ ವಿಧಾನಕ್ಕೆ ನನ್ನದೊಂದು ಒತ್ತಾಯವಿದೆ. ಶೆಲ್ ಹಾರಿಸುತ್ತಿರುವ ನಡುವೆಯೇ ಅಧಿಕಾರಿ ಕಂಪ್ಯೂಟರ್ ಆರಿಸಬೇಕು. ಸಿಬ್ಬಂದಿ ಕೋಲು ನೆಟ್ಟು, ಟೇಬಲ್ ತೆರೆದು, ಮುಂದಿನ ಶೆಲ್ಲನ್ನು ಕೈಲೆಕ್ಕದಲ್ಲಿ ಗುರಿಗೆ ತರಲು ಹಿಡಿದ ಸಮಯವನ್ನು ಗಡಿಯಾರದಲ್ಲಿ ಗುರುತಿಸಬೇಕು. ಆ ಸಮಯಕ್ಕೂ ಅಂಕ ಕೊಡಬೇಕು, ಆ ತರಬೇತಿಯ ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಬೇಕು. ಬೆಟ್ಟದ ಮೇಲೆ ಬ್ಯಾಟರಿ ಸತ್ತ ರಾತ್ರಿ ಕೆಳಗಿನ ತುಕಡಿಯನ್ನು ಕಾಯಬೇಕಾದವರು ಇದೇ ಸೈನಿಕರು, ಆಗ ಅವರ ನೆರವಿಗೆ ಬರುವುದು ಈ ಅಭ್ಯಾಸ ಮಾತ್ರ.