ಹಿಂಡಿನ ಬಲ: ಚಿಗರಿಯೂ ತೋಳವೂ

ವಿಜಯಪುರ ಜಿಲ್ಲೆಯ ಆಲಮೇಲ, ಸಿಂದಗಿ, ಇಂಡಿಗಳ ಸುತ್ತಲಿನದು ವಿಶಾಲವಾದ ಎರೆಯ ಬಯಲು. ಈ ಸೀಮೆಯ ಜನರು ಚಿಗರಿ ಎಂದು ಕರೆಯುವ ಪ್ರಾಣಿಯೇ ಕೃಷ್ಣಮೃಗ. ಹಿಂಡುಗೂಡಿ ಬಯಲಿನಲ್ಲಿ ಮೇಯುವುದು ಅದರ ಸ್ವಭಾವ. ಅಲ್ಲಿ ಅಡಗಲು ಕಾಡಿಲ್ಲ, ಏರಲು ಬೆಟ್ಟವಿಲ್ಲ. ಹೀಗಿರುವಾಗ ತೋಳನಂತಹ ಚತುರ ಬೇಟೆಗಾರನ ನೆರೆಯಲ್ಲಿ ಈ ಸಾಧುಪ್ರಾಣಿಯು ಉಳಿದು ಬಂದುದಾದರೂ ಹೇಗೆ?

ಮೊದಲನೆಯ ರಕ್ಷೆ ಕಣ್ಣು. ಒಂಟಿಯಾದ ಚಿಗರಿಯು ಅಡಿಗಡಿಗೆ ತಲೆಯೆತ್ತಿ ನೋಡಬೇಕು. ಅಷ್ಟು ಹೊತ್ತು ಮೇವು ತಪ್ಪುವುದು. ಹಿಂಡಿನಲ್ಲಿಯಾದರೋ ಒಂದು ತಲೆ ಬಗ್ಗಿದಾಗ ಮತ್ತೊಂದು ಎದ್ದಿರುತ್ತದೆ. ಶತ್ರುವನ್ನು ಕಂಡ ಚಿಗರಿಯು ನೆಲದಿಂದ ಎತ್ತರಕ್ಕೆ ನೆಗೆಯುವುದು. ಅದನ್ನು ಕಂಡು ಉಳಿದವು ಎಚ್ಚರಗೊಳ್ಳುವುವು.

ಎರಡನೆಯದು ಸಂಖ್ಯೆ. ತೋಳವು ಒಂದು ಸಲಕ್ಕೆ ಹಿಡಿಯುವುದು ಒಂದನ್ನು. ಹಿಂಡಿನಲ್ಲಿ ಐವತ್ತಿದ್ದರೆ, ಆ ಒಂದು ತಾನೇ ಆಗುವ ಅಪಾಯವು ಪ್ರತಿಯೊಂದಕ್ಕೂ ಸರಾಸರಿ ಐವತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ಈ ಪಾಲು ಎಲ್ಲಕ್ಕೂ ಸಮವಲ್ಲ. ರೋಗಪೀಡಿತವೂ ಹಿಂದುಳಿದುದೂ ಮೊದಲು ಬಲಿಯಾಗುವುವು.

ಮೂರನೆಯದು ಓಟ. ಚಿಗರಿಯು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ತೋಳಕ್ಕೆ ಇಷ್ಟು ವೇಗವಿಲ್ಲ. ಆದುದರಿಂದ ಅದು ಹೊಂಚುಹಾಕಿ, ಜೊತೆಗೂಡಿ ಬೇಟೆಯಾಡಬೇಕು. ಒಂದು ಕಾಲಕ್ಕೆ ಚೀತಾ ಕೂಡ ಚಿಗರಿಯನ್ನು ಬೇಟೆಯಾಡುತ್ತಿತ್ತು. ಅದು ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. ಓಡಲಾರದ ಎಳೆಯ ಮರಿಯನ್ನು ತಾಯಿಯು ಹುಲ್ಲಿನಲ್ಲಿ ಅಡಗಿಸಿಡುತ್ತದೆ.

ಉತ್ತರ ಧ್ರುವದ ಬಯಲಿನಲ್ಲಿಯೂ ಇದೇ ಸಮಸ್ಯೆ ಉಂಟು. ಆದರೆ ಪರಿಹಾರ ಬೇರೆ. ಅಲ್ಲಿಯ ಮಸ್ಕ್ ಆಕ್ಸ್ ಎಂಬ ದಪ್ಪಕೂದಲಿನ ಪ್ರಾಣಿಗಳು ತೋಳಗಳನ್ನು ಕಂಡರೆ ಕೊಂಬುಗಳನ್ನು ಹೊರಗೆ ಮಾಡಿ, ಮರಿಗಳನ್ನು ಒಳಗಿಟ್ಟುಕೊಂಡು, ಕೋಟೆಯಂತೆ ನಿಲ್ಲುವುವು. ಹಿಮಸಾರಂಗಗಳಾದರೋ ಕೆಲವೇ ದಿನಗಳ ಅಂತರದಲ್ಲಿ ಹೆಚ್ಚಿನ ಮರಿಗಳನ್ನು ಈಯುವುವು. ಒಮ್ಮೆಗೇ ಅಷ್ಟು ಮರಿಗಳಿರುವಾಗ ತೋಳಗಳು ಎಷ್ಟೆಂದು ತಿಂದಾವು? ನಿಂತು ಕಾದರೂ ಓಡಿ ಪಾರಾದರೂ ಹಿಂಡೇ ಆಸರೆ ಎಂಬುದು ಒಂದೇ.

ಆದರೆ ಚಿಗರಿಯ ಕಣ್ಣಿಗೂ ಕಾಲಿಗೂ ತೆರೆದ ನೆಲ ಬೇಕು. ಗೋಮಾಳವು ಉಳುಮೆಗೆ ಸೇರಿ, ಬಯಲಿಗೆ ಬೇಲಿ ಬಿದ್ದರೆ ಹಿಂಡು ಚದರುವುದು. ಕಣ್ಣುಗಳೂ ಸಂಖ್ಯೆಯೂ ಕಡಿಮೆಯಾಗುವುವು. ಹಸಿದ ಚಿಗರಿಯು ಕಡಲೆ, ಶೇಂಗಾ ಹೊಲಗಳಿಗೆ ನುಗ್ಗುವುದು; ಬೇಟೆ ಸಿಗದ ತೋಳವು ಕುರಿಹಿಂಡಿಗೆ ಕೈಹಾಕುವುದು. ಆಗ ರೈತನ ನಷ್ಟವೂ ಕುರಿಗಾಹಿಯ ಕೋಪವೂ ನಿಜವಾದುವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಎರಡು ಪ್ರಾಣಿಗಳಿಗೂ ರಕ್ಷಣೆಯಿತ್ತಿದೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಆದರೆ ಕಾಯಿದೆಯು ಕೊಲ್ಲುವ ಕೈಯನ್ನು ತಡೆಯಬಹುದೇ ಹೊರತು ಹುಲ್ಲನ್ನು ಬೆಳೆಯಲಾರದು. ಬರಿಯ ಬೀಳು ಎಂದು ನಾವು ಕಡೆಗಣಿಸುವ ಬಯಲೇ ಚಿಗರಿಗೆ ಮನೆ, ತೋಳಕ್ಕೂ ಮನೆ. ಅದು ಉಳಿದರೆ ಎರಡೂ ಉಳಿದಾವು.