ಹಸುಗೂಸಿನ ಕಣ್ಣಿಗೆ ಮೂವತ್ತು ದಿನಗಳ ಗಡುವು

ತಿಂಗಳು ತುಂಬುವ ಮೊದಲೇ ಹುಟ್ಟಿ, ಒಂದೂವರೆ ಕೆ.ಜಿ.ಯೂ ತೂಗದ ಮಗು ಉಳಿಯುವುದೇ ಅಪರೂಪ ಎನ್ನುವ ಕಾಲವೊಂದಿತ್ತು. ಈಗ ಅಲ್ಲಾಹನ ಕೃಪೆಯಿಂದ, ನವಜಾತ ಶಿಶು ಘಟಕಗಳ ವೈದ್ಯರು ಮತ್ತು ದಾದಿಯರ ಸೇವೆಯಿಂದ ಇಂತಹ ಅನೇಕ ಮಕ್ಕಳು ಬದುಕಿ ಮನೆಗೆ ಬರುತ್ತಿದ್ದಾರೆ. ಆದರೆ ಬದುಕಿ ಬಂದ ಮಗು ತಾಯಿಯ ಮುಖವನ್ನು ನೋಡಬೇಕಾದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಹುಟ್ಟಿದ 30 ದಿನಗಳೊಳಗೆ ಅದರ ಕಣ್ಣಿನ ಒಳಪದರವನ್ನು ತಜ್ಞರು ಪರೀಕ್ಷಿಸಬೇಕು. ಈ ಒಂದು ಪರೀಕ್ಷೆ ತಪ್ಪಿದ್ದರಿಂದಲೇ ಜೀವನವಿಡೀ ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ.

ಈ ಕಾಯಿಲೆಯ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ. ಆಸ್ಪತ್ರೆಯಲ್ಲಿ ಚುಟುಕಾಗಿ ‘ಆರ್‌ಒಪಿ’ ಎನ್ನುತ್ತಾರೆ. ಈ ಮೂರಕ್ಷರವನ್ನು ನೆನಪಿಟ್ಟುಕೊಳ್ಳಿ.

ಅರ್ಧ ದಾರಿಯಲ್ಲಿ ನಿಂತ ರಕ್ತನಾಳಗಳು

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪರದೆಯೇ ಅಕ್ಷಿಪಟ. ತಾಯಿಯ ಗರ್ಭದಲ್ಲಿ ಸುಮಾರು 16ನೇ ವಾರದಿಂದ ಈ ಪರದೆಯ ನಡುವಿನಿಂದ ರಕ್ತನಾಳಗಳು ಬೆಳೆಯತೊಡಗುತ್ತವೆ. ಬಳ್ಳಿ ಹಬ್ಬಿದಂತೆ ಅಂಚಿನ ಕಡೆಗೆ ಸಾಗಿ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಅವುಗಳನ್ನು ಮುಂದಕ್ಕೆ ಕರೆಯುವುದು ಗರ್ಭದೊಳಗಿನ ಕಡಿಮೆ ಆಮ್ಲಜನಕ. ಆಮ್ಲಜನಕ ಸಾಲದ ಜಾಗದ ಜೀವಕೋಶಗಳು ‘ವಿಇಜಿಎಫ್’ ಎಂಬ ಪ್ರೋಟೀನನ್ನು ಹೊರಬಿಡುತ್ತವೆ, ರಕ್ತನಾಳ ಅತ್ತ ಬೆಳೆಯುತ್ತದೆ. 1989ರಲ್ಲಿ ಅಮೆರಿಕದಲ್ಲಿ ನೆಪೋಲಿಯನ್ ಫೆರಾರಾ ಎಂಬ ವಿಜ್ಞಾನಿ ಈ ಪ್ರೋಟೀನನ್ನು ಬೇರ್ಪಡಿಸಿ ಗುರುತಿಸಿದರು.

ಮಗು ಏಳನೇ ತಿಂಗಳಿಗೇ ಹುಟ್ಟಿದರೆ ಈ ಕ್ರಮ ಕೆಡುತ್ತದೆ. ಹೊರಗಿನ ಗಾಳಿಯಲ್ಲಿ, ಅದರಲ್ಲೂ ಚಿಕಿತ್ಸೆಗಾಗಿ ಕೊಡುವ ಆಮ್ಲಜನಕದಲ್ಲಿ, ಗರ್ಭದಲ್ಲಿದ್ದುದಕ್ಕಿಂತ ಎಷ್ಟೋ ಹೆಚ್ಚು ಆಮ್ಲಜನಕ ಸಿಗುತ್ತದೆ. ಕರೆ ನಿಲ್ಲುತ್ತದೆ, ರಕ್ತನಾಳಗಳೂ ಅರ್ಧದಲ್ಲೇ ನಿಲ್ಲುತ್ತವೆ. ಕೆಲವು ವಾರಗಳ ನಂತರ ಕಣ್ಣು ಬೆಳೆದಂತೆ, ರಕ್ತ ತಲುಪದ ಅಂಚಿನ ಭಾಗ ಹಸಿದು ಒಮ್ಮೆಲೇ ವಿಇಜಿಎಫ್ ಸುರಿಸುತ್ತದೆ. ಆಗ ದುರ್ಬಲವಾದ, ದಿಕ್ಕುತಪ್ಪಿದ ರಕ್ತನಾಳಗಳು ಹುಟ್ಟಿಕೊಂಡು ಸೋರುತ್ತವೆ, ಗಾಯದ ಕಲೆಯಾಗಿ ಗಟ್ಟಿಯಾಗುತ್ತವೆ, ಕೊನೆಗೆ ಅಕ್ಷಿಪಟವನ್ನೇ ಎಳೆದು ಕಿತ್ತುಬಿಡುತ್ತವೆ.

ಇದರಿಂದ ನೀವು ತಿಳಿಯಬೇಕಾದುದು ಎರಡು. ಹುಟ್ಟಿದ ದಿನ ಈ ಕಾಯಿಲೆ ಇರುವುದಿಲ್ಲ, ಆನಂತರ ಬರುತ್ತದೆ. ಆದ್ದರಿಂದ ‘ಹುಟ್ಟಿದಾಗಲೇ ಡಾಕ್ಟರ್ ನೋಡಿದ್ದಾರೆ’ ಎಂಬ ಸಮಾಧಾನ ಸಾಲದು. ಎರಡನೆಯದು, ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಪಾಪೆ ಬೆಳ್ಳಗೆ ಕಾಣುವ ಹೊತ್ತಿಗೆ ಬಹುತೇಕ ಕಾಲ ಮೀರಿರುತ್ತದೆ.

ಆಮ್ಲಜನಕ ಶತ್ರುವಲ್ಲ

1942ರಲ್ಲಿ ಬಾಸ್ಟನ್ನಿನ ವೈದ್ಯ ಥಿಯೋಡರ್ ಟೆರ್ರಿ ಈ ಕುರುಡನ್ನು ಮೊದಲು ವರ್ಣಿಸಿದರು. ಕಾರಣ ಯಾರಿಗೂ ತಿಳಿದಿರಲಿಲ್ಲ. 1951ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಮಿತಿಮೀರಿ ಕೊಡುವ ಆಮ್ಲಜನಕವೇ ಕಾರಣವಿರಬಹುದೆಂದು ತೋರಿಸಿದರು. 1953-54ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನ ಅದನ್ನು ದೃಢಪಡಿಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. 1950ರಲ್ಲಿ ಆರು ವಾರ ಮೊದಲೇ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು.

ಆಗ ಆಸ್ಪತ್ರೆಗಳು ಹೆದರಿ ಆಮ್ಲಜನಕವನ್ನೇ ಕಡಿತಗೊಳಿಸಿದವು. ಕುರುಡು ಕಡಿಮೆಯಾಯಿತು, ಆದರೆ ಉಸಿರಾಟದ ತೊಂದರೆಯಿಂದ ಸಾಯುವ ಮಕ್ಕಳು ಹೆಚ್ಚಾದರು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಇದಕ್ಕೆ ಉತ್ತರ ಸಿಕ್ಕಿದ್ದು ಬೆಳಕಿನ ಒಂದು ಸಾಧನದಿಂದ. ಜಪಾನಿನ ಇಂಜಿನಿಯರ್ ತಾಕುವೊ ಅಯೊಯಾಗಿ 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ತತ್ವವನ್ನು ಕಂಡುಹಿಡಿದರು. ಕೋವಿಡ್ ಕಾಲದಲ್ಲಿ ನೀವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡದ್ದು ಇದನ್ನೇ. ಇಂದು ಶಿಶು ಘಟಕದಲ್ಲಿ ಮಗುವಿನ ಪುಟ್ಟ ಪಾದಕ್ಕೆ ಕಟ್ಟಿದ ಕೆಂಪು ದೀಪವೂ ಅದೇ. ಆಮ್ಲಜನಕದಲ್ಲಿರುವ ಮಗುವಿನ ಅಂಕಿಯನ್ನು ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡಲು ದಾದಿಯರು ನೋಡಿಕೊಳ್ಳುತ್ತಾರೆ. ಆದ್ದರಿಂದ ‘ಆಮ್ಲಜನಕ ತೆಗೆಯಿರಿ’ ಎಂದು ಒತ್ತಾಯಿಸಬೇಡಿ, ‘ಪೂರ್ತಿ ನೂರಕ್ಕೆ ಏರಿಸಿ’ ಎಂದೂ ಕೇಳಬೇಡಿ.

ಬೆಳಕು ಕಣ್ಣೊಳಗೆ ಹೋಗುವ ವಿದ್ಯೆ

ನೋಟವೆಂದರೆ ಕಣ್ಣಿನಿಂದ ಹೊರಡುವ ಕಿರಣವಲ್ಲ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದ ನಾವು ನೋಡುತ್ತೇವೆ ಎಂದು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ ವಿವರಿಸಿದರು. ಇಬ್ನುನ್ನಫೀಸ್ 1242ರಲ್ಲಿ, ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದು ಬರೆದರು. ಶ್ವಾಸಕೋಶದ ನಾಳಗಳ ನಡುವೆ ಕಣ್ಣಿಗೆ ಕಾಣದ ಸೂಕ್ಷ್ಮ ದಾರಿಗಳಿವೆ ಎಂಬುದು ಅವರ ತರ್ಕವಾಗಿತ್ತು. 1661ರಲ್ಲಿ ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಆ ಸೂಕ್ಷ್ಮ ನಾಳಗಳನ್ನು ಕಂಡರು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಕ್ಷಿಪಟವನ್ನು ನೋಡುವ ಸಾಧನವನ್ನು ಲೋಕಕ್ಕೆ ಪರಿಚಯಿಸಿದರು. ಜೀವಂತ ಮನುಷ್ಯನ ರಕ್ತನಾಳಗಳನ್ನು ಗಾಯ ಮಾಡದೆ ನೇರವಾಗಿ ನೋಡಲು ಸಿಗುವ ಜಾಗ ಅಕ್ಷಿಪಟವೇ.

ಈ ವಿದ್ಯೆ ಹಳ್ಳಿಯ ಮಗುವಿನವರೆಗೂ ತಲುಪಿದ ಕಥೆ ನಮ್ಮ ಕರ್ನಾಟಕದ್ದೇ. ಹಸುಗೂಸಿನ ಅಕ್ಷಿಪಟ ನೋಡಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ನಗರಗಳಲ್ಲಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು ‘ಕಿಡ್‌ರಾಪ್’ ಎಂಬ ಯೋಜನೆ ಆರಂಭಿಸಿದರು. ವೈದ್ಯರು ಬರುವ ಬದಲು, ತರಬೇತಿ ಪಡೆದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋದರು. ಮಗುವಿನ ಅಕ್ಷಿಪಟದ ಚಿತ್ರ ತೆಗೆದು ಹಸಿರು, ಕಿತ್ತಳೆ, ಕೆಂಪು ಎಂದು ಗುರುತಿಸಿದರು. ಚಿತ್ರಗಳು ಇಂಟರ್‌ನೆಟ್ ಮೂಲಕ ಬೆಂಗಳೂರಿನ ತಜ್ಞರ ಮೊಬೈಲಿಗೆ ಹೋದವು. ಕೆಂಪು ಎಂದರೆ ಚಿಕಿತ್ಸೆ ಬೇಕು. ಮುಂದೆ ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ ‘ತ್ರಿನೇತ್ರ ನಿಯೋ’ ಎಂಬ ಕ್ಯಾಮೆರಾವನ್ನು ಇಲ್ಲಿಯೇ ತಯಾರಿಸಿತು.

ಚಿಲ್ಲಾ ಮತ್ತು ಮೂವತ್ತು ದಿನ

ನಮ್ಮ ಶಿರಾಳಕೊಪ್ಪದ ಸುತ್ತಮುತ್ತ ಬಾಣಂತಿ ತವರಿಗೆ ಬರುತ್ತಾಳೆ. ಚಿಲ್ಲಾದ 40 ದಿನ ತಾಯಿ-ಮಗು ಹೊಸ್ತಿಲು ದಾಟಬಾರದೆಂದು ನಾನಿ, ದಾದಿಯರು ಹೇಳುತ್ತಾರೆ. ಅವರ ಕಾಳಜಿ ದೊಡ್ಡದು: ಗಾಳಿ, ಚಳಿ, ಸೋಂಕು ತಾಗಬಾರದೆಂಬ ಉದ್ದೇಶ. ಆದರೆ ಕಣ್ಣಿನ ಗಡುವು ಈ 40 ದಿನಗಳ ಒಳಗೇ ಬರುತ್ತದೆ. ಬಾಣಂತನ ಮುಗಿಸಿ ಹೋಗೋಣವೆಂದು ಕುಳಿತರೆ ಗಡುವು ಕೈಜಾರಿರುತ್ತದೆ. ಬಾಣಂತಿ ಮಗುವಿನ ಚಿಕಿತ್ಸೆಗೆ ಮನೆಯಿಂದ ಹೊರಡಲು ಧರ್ಮದಲ್ಲಿ ಅಡ್ಡಿಯಿಲ್ಲ. ಔಷಧೋಪಚಾರ ಮಾಡಿಕೊಳ್ಳಿ ಎಂಬುದೇ ಪ್ರವಾದಿ(ಸ)ಯವರ ಬೋಧನೆ. ಮಗುವನ್ನು ಬೆಚ್ಚಗೆ ಸುತ್ತಿಕೊಂಡು, ಎದೆಗವಚಿಕೊಂಡು ಹೊರಡಿ.

ಯುನಾನಿ ವೈದ್ಯನಾಗಿ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಈ ಕಾಯಿಲೆಗೆ ಯುನಾನಿಯಲ್ಲಿ ಮದ್ದಿಲ್ಲ. ಅರ್ಕ್, ಮಾಜೂನ್, ಘುಟ್ಟಿ ಯಾವುದೂ ಅಕ್ಷಿಪಟದ ರಕ್ತನಾಳವನ್ನು ಸರಿಪಡಿಸುವುದಿಲ್ಲ. ಮಗುವಿನ ಕಣ್ಣಿಗೆ ಸುರ್ಮಾ ಹಚ್ಚಲೇಬೇಡಿ. ಪೇಟೆಯಲ್ಲಿ ಸಿಗುವ ಅನೇಕ ಸುರ್ಮಾಗಳಲ್ಲಿ ಸೀಸವಿರುತ್ತದೆ, ಬೆರಳಿನಿಂದ ಸೋಂಕೂ ದಾಟುತ್ತದೆ.

ನೀವು ಮಾಡಬೇಕಾದದ್ದು

• 34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಗಿದ ಪ್ರತಿ ಮಗುವಿಗೂ 30 ದಿನಗಳೊಳಗೆ ಪರೀಕ್ಷೆ ಮಾಡಿಸಿ. 28 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 1,200 ಗ್ರಾಂಗಿಂತ ಕಡಿಮೆಯಿದ್ದ ಮಗುವಿಗೆ ಎರಡು-ಮೂರು ವಾರದಲ್ಲೇ ಆಗಬೇಕು.

• ಮಗು ಇನ್ನೂ ಐಸಿಯುನಲ್ಲಿದ್ದರೆ ‘ಆರ್‌ಒಪಿ ಪರೀಕ್ಷೆ ಯಾವಾಗ?’ ಎಂದು ಕೇಳಿ. ಡಿಸ್ಚಾರ್ಜ್ ಆಗುವಾಗ ದಿನಾಂಕ ಮತ್ತು ಜಾಗವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಭಾಗದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಿಶು ಘಟಕದಲ್ಲಿ ವಿಚಾರಿಸಬಹುದು.

• ಅವಧಿಪೂರ್ವ ಮಕ್ಕಳ ಈ ಕಾಯಿಲೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೇರಿದೆ. ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ.

• ಒಂದು ಸಲ ‘ಸರಿಯಿದೆ’ ಎಂದರೂ ಮತ್ತೆ ಬರಹೇಳಿದರೆ ತಪ್ಪದೆ ಹೋಗಿ. ರಕ್ತನಾಳ ಅಂಚು ಮುಟ್ಟುವವರೆಗೂ ಪರೀಕ್ಷೆ ಮುಗಿಯುವುದಿಲ್ಲ.

• ಮಗುವನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಿರಿ. ಸೋಂಕು ತಗಲಿದ, ತೂಕ ಏರದ ಮಕ್ಕಳಿಗೆ ಈ ಕಾಯಿಲೆ ಹೆಚ್ಚು. ತಾಯಿಯ ಹಾಲು ಮತ್ತು ಎದೆಗೆ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ದೊಡ್ಡ ರಕ್ಷಣೆ. ಅಕೀಕಾದ ದಿನ ಮಗುವನ್ನು ಕೈಯಿಂದ ಕೈಗೆ ದಾಟಿಸಬೇಡಿ.

ಪರೀಕ್ಷೆಗೆ ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ಮಗು ಅಳುತ್ತದೆ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಚಿಕಿತ್ಸೆ ಬೇಕೆಂದರೆ ಎರಡು-ಮೂರು ದಿನಗಳೊಳಗೆ ಆಗಬೇಕು. ಮನೆಯಲ್ಲಿ ಮಾತಾಡಿ ಮುಂದಿನ ವಾರ ಬರುತ್ತೇವೆ ಎನ್ನುವ ಸಮಯವಲ್ಲ. ಲೇಸರ್ ಬೆಳಕಿನಿಂದ ಹಸಿದ ಭಾಗವನ್ನು ಶಾಂತಗೊಳಿಸುತ್ತಾರೆ, ಇಲ್ಲವೇ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ಪಡೆದ ಮಕ್ಕಳಲ್ಲಿ ಕಾಯಿಲೆ ತಿಂಗಳುಗಳ ನಂತರ ಮರಳಬಹುದು, ಹಾಗಾಗಿ ಅವರನ್ನು ಹೆಚ್ಚು ಕಾಲ ತೋರಿಸುತ್ತಿರಬೇಕು. ಗುಣವಾದ ಮೇಲೂ ಕನ್ನಡಕ ಬೇಕಾಗಬಹುದು, ಮೆಳ್ಳಗಣ್ಣು ಕಾಣಬಹುದು. ಶಾಲೆ ಸೇರುವವರೆಗೆ ವರ್ಷಕ್ಕೊಮ್ಮೆಯಾದರೂ ತೋರಿಸಿ.

ನಿಮ್ಮ ಮನೆಯಲ್ಲಿ ಇಂತಹ ಮಗು ಇಲ್ಲದಿರಬಹುದು. ನೆರೆಮನೆಯಲ್ಲಿ, ಬಂಧುಗಳಲ್ಲಿ ‘ಮಗುವನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ’ ಎಂಬ ಸುದ್ದಿ ಕೇಳಿದ ದಿನ ದುಆ ಮಾಡುವ ಜೊತೆಗೆ ಇಷ್ಟು ಕೇಳಿ: ಹುಟ್ಟಿ ಎಷ್ಟು ದಿನವಾಯಿತು, ಕಣ್ಣು ತೋರಿಸಿದಿರಾ?