ಸ್ವರ ಬರೆದರೆ ಸಾಲದು, ಟೋನೂ ಬರೆದಿಡಬೇಕು

1960ರಿಂದ ಈಚೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆ ಕಂಡ ಟಿಬೆಟಿಯನ್ನರು ತಮ್ಮ ಮಠಗಳ ಜೊತೆಗೆ ಮಠದ ವಾದ್ಯಗಳನ್ನೂ ಇಲ್ಲಿ ಉಳಿಸಿಕೊಂಡರು. ಪೆನೋರ್ ರಿನ್‌ಪೋಚೆ 1963ರಲ್ಲಿ ಕಟ್ಟಿದ ನಾಮ್‌ಡ್ರೋಲಿಂಗ್, ಆಮೇಲೆ ಬಂದ ಸೆರಾ ಮತ್ತು ತಾಶಿ ಲುನ್‌ಪೊ, ಪಕ್ಕದ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿರುವ ಗ್ಯುಮೆ ತಾಂತ್ರಿಕ ಮಠ, ಇವೆಲ್ಲ ಸೇರಿ ಮೈಸೂರು ಜಿಲ್ಲೆಯ ಈ ಮೂಲೆಯನ್ನು ಒಂದು ದೊಡ್ಡ ಸಂಗೀತ ಪರಂಪರೆಯ ನೆಲೆಯಾಗಿಸಿವೆ. ಆಳೆತ್ತರವನ್ನೂ ಮೀರುವ ಲೋಹದ ತುತ್ತೂರಿ ದುಂಗ್‌ಚೆನ್, ಶೆಹನಾಯಿಯ ಬಳಗದ ಗ್ಯಾಲಿಂಗ್, ಅಗಲ ಗುಬುಟಿನ ತಾಳ ರೋಲ್ಮೊ, ಬಾಗಿದ ಕೋಲಿನಿಂದ ಬಾರಿಸುವ ಎರಡು ಮುಖದ ಡೋಲು, ಶಂಖ, ಕೈಗಂಟೆ. ಇವುಗಳ ಸಂಗೀತವನ್ನು ಕಂಪ್ಯೂಟರಿನ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಇಳಿಸಲು ಹೊರಟವರಿಗೆ ಮೊದಲು ಎದುರಾಗುವುದು ಯಾವ ಸ್ವರ ಎಂಬ ಪ್ರಶ್ನೆಯಲ್ಲ, ಯಾವ ಟೋನ್, ಅಂದರೆ ಯಾವ ನಾದಗುಣ, ಎಂಬ ಪ್ರಶ್ನೆ. ಟೋನ್ ಬದಲಾವಣೆಯನ್ನು ಕೀಬೋರ್ಡಿನ ಗುಂಡಿಗೋ ವಾದಕನ ನೆನಪಿಗೋ ಬಿಡದೆ ಸಂಗೀತದ ಅಂಗವೆಂದೇ ತಿಳಿದು ಹಾಡಿನೊಳಗೆ ಬರೆದಿಡಬೇಕು ಎಂಬುದು ನನ್ನ ವಾದ. ಮಠದ ಸಂಗೀತದಷ್ಟು ಚೆನ್ನಾಗಿ ಇದನ್ನು ತೋರಿಸಿಕೊಡುವ ಉದಾಹರಣೆ ನಮ್ಮ ಹತ್ತಿರದಲ್ಲಿ ಬೇರೆ ಇಲ್ಲ.

ಇಂಥ ಸಾಫ್ಟ್‌ವೇರಿನಲ್ಲಿ ಸಂಗೀತವನ್ನು ಬರೆದಿಡಲು ಬಳಸುವ ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ ಒಪ್ಪಂದ. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲೆಂದು ಮಾಡಿಕೊಂಡದ್ದು. ತಂತಿಯಲ್ಲಿ ಹರಿಯುವುದು ಧ್ವನಿಯಲ್ಲ, ಸೂಚನೆ: ಇಂಥ ಸ್ವರ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಬಿಟ್ಟರು. ಆ ಸ್ವರವನ್ನು ಯಾವ ಟೋನಿನಲ್ಲಿ ನುಡಿಸಬೇಕೆಂದು ಹೇಳಲು ಪ್ರೋಗ್ರಾಂ ಚೇಂಜ್ ಎಂಬ ಪ್ರತ್ಯೇಕ ಸೂಚನೆಯಿದೆ. ಅದರಲ್ಲಿ ಇರುವುದು ಒಂದೇ ಒಂದು ಸಂಖ್ಯೆ, 128 ಆಯ್ಕೆಗಳು. ಯಾವ ಸಂಖ್ಯೆಗೆ ಯಾವ ವಾದ್ಯ ಎಂಬುದು ಮೊದಲು ಆಯಾ ಕಂಪನಿಯ ಇಚ್ಛೆಗೆ ಬಿಟ್ಟದ್ದಾಗಿತ್ತು. 1991ರಲ್ಲಿ ಜನರಲ್ ಮಿಡಿ ಬಂದು ಎಲ್ಲರಿಗೂ ಒಂದೇ ಪಟ್ಟಿ ಮಾಡಿತು. ಅದರಲ್ಲಿ ಸಿತಾರ್ 105ನೆಯದು, ಶೆಹನಾಯಿ 112ನೆಯದು. ವೀಣೆಯಿಲ್ಲ, ನಾಗಸ್ವರವಿಲ್ಲ, ದುಂಗ್‌ಚೆನ್ ಅಂತೂ ಇಲ್ಲವೇ ಇಲ್ಲ. ಬೈಲಕುಪ್ಪೆಯ ಸಂಗೀತಕ್ಕೆ ಆ ಪಟ್ಟಿಯಲ್ಲಿ ಸಿಗುವ ಹತ್ತಿರದ ನೆಂಟ ಶೆಹನಾಯಿ ಮಾತ್ರ.

ಈ ಸಂಖ್ಯೆಯೂ ನಂಬಿ ಕೂರುವಂಥದ್ದಲ್ಲ. ಸೂಚನೆಯೊಳಗೆ ಎಣಿಕೆ 0ಯಿಂದ 127ರವರೆಗೆ. ಕೆಲವು ಪರದೆಗಳು ಹಾಗೆಯೇ ತೋರಿಸುತ್ತವೆ, ಕೆಲವು 1ರಿಂದ 128 ಎಂದು ತೋರಿಸುತ್ತವೆ. ಒಂದು ಸಂಖ್ಯೆ ತಪ್ಪಿದರೆ ಸಾಕು, ಶೆಹನಾಯಿ ಬರಬೇಕಾದ ಕಡೆ ಪಿಟೀಲೋ ಕಿಣಿಕಿಣಿ ಗಂಟೆಯೋ ಬರುತ್ತದೆ. 128 ಸಾಲದಾದಾಗ ಟೋನುಗಳನ್ನು ಬ್ಯಾಂಕುಗಳಾಗಿ ವಿಂಗಡಿಸಿದರು. ಬ್ಯಾಂಕ್ ಆರಿಸಲು 0 ಮತ್ತು 32 ಎಂಬ ಎರಡು ಕಂಟ್ರೋಲ್ ಸಂಖ್ಯೆಗಳಿವೆ, ಲೆಕ್ಕಕ್ಕೆ 16,384 ಬ್ಯಾಂಕುಗಳು. ಆದರೆ ಒಂದೇ ವಾದ್ಯದ ಬೇರೆ ಬೇರೆ ರೂಪಗಳನ್ನು ಆರಿಸಲು ರೋಲ್ಯಾಂಡ್‌ನ ಜಿಎಸ್ ಪದ್ಧತಿ ಮೊದಲನೆಯದನ್ನು ಬಳಸಿದರೆ, ಯಮಾಹಾದ ಎಕ್ಸ್‌ಜಿ ಎರಡನೆಯದನ್ನು ಬಳಸುತ್ತದೆ. ಒಂದಕ್ಕೆಂದು ಬರೆದ ಹಾಡು ಇನ್ನೊಂದರಲ್ಲಿ ಬೇರೆಯೇ ಕೇಳಿಸಲು ಇದೂ ಒಂದು ಕಾರಣ. ಬ್ಯಾಂಕ್ ಸೂಚನೆ ಕಳಿಸಿದ ಮಾತ್ರಕ್ಕೆ ಟೋನ್ ಬದಲಾಗುವುದಿಲ್ಲ. ಅದರ ಬೆನ್ನಿಗೆ ಪ್ರೋಗ್ರಾಂ ಚೇಂಜ್ ಬಂದಾಗಲೇ ಬದಲಾಗುವುದು. ಆದ್ದರಿಂದ ಮೊದಲು ಎರಡು ಬ್ಯಾಂಕ್ ಸೂಚನೆ, ಆಮೇಲೆ ಪ್ರೋಗ್ರಾಂ, ಆಮೇಲೆ ತುಸು ಅವಕಾಶ ಬಿಟ್ಟು ಸ್ವರ, ಈ ಕ್ರಮ ತಪ್ಪಬಾರದು. ಎಲ್ಲವನ್ನೂ ಸ್ವರದ ಗಳಿಗೆಯಲ್ಲೇ ಇಟ್ಟರೆ ಮೊದಲ ಸ್ವರ ಹಳೆಯ ಟೋನಿನಲ್ಲೇ ನುಡಿಯಬಹುದು. ಇನ್ನೊಂದು ತೊಡಕು ಹಾಡನ್ನು ನಡುವಿನಿಂದ ಕೇಳುವಾಗ ಬರುತ್ತದೆ. ಟೋನ್ ಬದಲಿಸಿದ ಸೂಚನೆ ಮೂರನೆಯ ನಿಮಿಷದಲ್ಲಿದ್ದು ನೀವು ನಾಲ್ಕನೆಯ ನಿಮಿಷದಿಂದ ಶುರುಮಾಡಿದರೆ, ಸಾಫ್ಟ್‌ವೇರ್ ಹಿಂದಕ್ಕೆ ಹೋಗಿ ಆ ಸೂಚನೆಯನ್ನು ಹುಡುಕಿ ತರಬೇಕು. ಇದಕ್ಕೆ ಚೇಸ್ ಎಂಬ ಸೌಲಭ್ಯವಿದೆ. ಅದು ಆಫ್ ಆಗಿದ್ದರೆ ಸರಿಯಾಗಿ ಬರೆದ ಹಾಡೂ ಕೆಟ್ಟಂತೆ ಕೇಳುತ್ತದೆ.

ಇಷ್ಟನ್ನೂ ಸರಿಪಡಿಸಿಕೊಂಡ ಮೇಲೆ ನಿಜವಾದ ಪ್ರಶ್ನೆ ಉಳಿಯುತ್ತದೆ. ಮಿಡಿಯ ಯೋಚನೆಯಲ್ಲಿ ಸ್ವರ ಬೇರೆ, ಟೋನ್ ಬೇರೆ. ಮೊದಲು ಟೋನ್ ಆರಿಸು, ಆಮೇಲೆ ಸ್ವರ ನುಡಿಸು. ಮಠದ ಸಂಗೀತದಲ್ಲಿ ಈ ಬೇರ್ಪಡಿಕೆ ನಿಲ್ಲುವುದಿಲ್ಲ. ಯಂಗ್‌ಯಿಗ್ ಎಂಬ ಟಿಬೆಟಿಯನ್ ಲಿಪಿಯಲ್ಲಿ ಪಠಣವನ್ನು ಬಾಗುಗೆರೆಗಳಲ್ಲಿ ಬರೆಯುತ್ತಾರೆ. ಆ ಗೆರೆಗಳು ದನಿ ಎಲ್ಲಿ ಏರಬೇಕು, ಎಲ್ಲಿ ಜಾರಬೇಕು, ಎಲ್ಲಿ ಉಬ್ಬಬೇಕು ಎಂದು ತೋರಿಸುತ್ತವೆಯೇ ಹೊರತು ನಿಗದಿಯಾದ ಸ್ವರಗಳ ಪಟ್ಟಿ ಕೊಡುವುದಿಲ್ಲ. ಗ್ಯುಮೆಯ ಮತ್ತು ಅದರ ಸೋದರ ಮಠ ಗ್ಯುತೊವಿನ ಭಿಕ್ಷುಗಳ ಪಠಣ ಇನ್ನೂ ಗಟ್ಟಿ ಸಾಕ್ಷಿ. ಧರ್ಮಗಳ ಅಧ್ಯಯನಕಾರ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಗ್ಯುತೊ ಭಿಕ್ಷುಗಳ ದನಿಯನ್ನು ಧ್ವನಿಮುದ್ರಿಸಿದರು. 1967ರಲ್ಲಿ ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮತ್ತಿತರರ ಜೊತೆ ಅದರ ವಿಶ್ಲೇಷಣೆ ಪ್ರಕಟಿಸಿದರು. ಆಳವಾದ ಮೂಲಸ್ವರವೊಂದನ್ನು ಹಿಡಿದು, ಗಂಟಲು ಮತ್ತು ಬಾಯಿಯ ಆಕಾರ ಹೊಂದಿಸಿಕೊಂಡು ಅದರೊಳಗಿನ ಕೆಲವು ಉಪಸ್ವರಗಳನ್ನು ಬಲಪಡಿಸುವುದರಿಂದ ಒಂದೇ ಕಂಠದಲ್ಲಿ ಒಂದಕ್ಕಿಂತ ಹೆಚ್ಚು ಸ್ವರ ಕೇಳುತ್ತದೆ ಎಂದು ಅದು ತೋರಿಸಿತು. ಅಂದರೆ ಅಲ್ಲಿ ಮೂಲಸ್ವರ ನಿಂತಲ್ಲೇ ನಿಂತಿರುತ್ತದೆ, ಸಂಗೀತ ನಡೆಯುವುದು ಟೋನಿನಲ್ಲಿ. ಇದನ್ನು ಮಿಡಿಯಲ್ಲಿ ಸ್ವರಸಂಖ್ಯೆಯಾಗಿ ಬರೆದರೆ ಉಳಿಯುವುದು ಪರದೆಯ ಮೇಲೆ ಉದ್ದನೆಯ ಒಂದು ಗೆರೆ ಮಾತ್ರ.

ಹಾಗಾಗಿ ಟೋನ್ ಬದಲಾವಣೆಗಳನ್ನೆಲ್ಲ ಒಂದೇ ಬಗೆಯವೆಂದು ಕಾಣಬಾರದು. ಡೋಲು ಮುಗಿದು ಗ್ಯಾಲಿಂಗ್ ಬಂತು ಎಂಬುದು ವಾದ್ಯದ ಬದಲಾವಣೆ. ಪ್ರೋಗ್ರಾಂ ಚೇಂಜ್ ಇರುವುದೇ ಅದಕ್ಕೆ, ಇಲ್ಲವೆ ಬೇರೆ ಟ್ರ್ಯಾಕ್ ಮಾಡಿದರಾಯಿತು. ಅದೇ ರೋಲ್ಮೊವನ್ನು ಒಮ್ಮೆ ಜೋರಾಗಿ ಹೊಡೆದು, ಮರುಗಳಿಗೆ ಅಂಚಿಗೆ ಅಂಚು ತಾಗಿಸಿ ನಡುಗಿಸುವುದು ನುಡಿಸುವ ರೀತಿಯ ಬದಲಾವಣೆ. ಅದಕ್ಕೆ ಕೀಸ್ವಿಚ್, ಅಂದರೆ ವಾದ್ಯದ ವ್ಯಾಪ್ತಿಯ ಹೊರಗಿನ ಕೀಲಿಯೊಂದನ್ನು ಒತ್ತಿ ರೀತಿ ಬದಲಿಸುವ ಏರ್ಪಾಡು ಸರಿ. ಕ್ಯೂಬೇಸ್‌ನ ಎಕ್ಸ್‌ಪ್ರೆಷನ್ ಮ್ಯಾಪ್‌ನಂಥ ಸೌಲಭ್ಯಗಳಲ್ಲಿ ಇದನ್ನು ಸಂಖ್ಯೆಯ ಬದಲು ಹೆಸರು ಕೊಟ್ಟು ಬರೆಯಬಹುದು. ಮೂರನೆಯದು, ಉಸಿರು ಕಡಿಯದೆ ನುಡಿಸುವ ಗ್ಯಾಲಿಂಗ್‌ನಲ್ಲಿ ಒಂದು ಸ್ವರ ನಡೆಯುತ್ತಿರುವಾಗಲೇ ಆಗುವ ಬದಲಾವಣೆ. ಅದನ್ನು ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಸೂಚನೆ) ಮತ್ತು ಕಂಟ್ರೋಲರುಗಳ ಏರಿಳಿತವಾಗಿಯೇ ಬರೆಯಬೇಕು, ಅಲ್ಲಿ ಪ್ರೋಗ್ರಾಂ ಚೇಂಜ್ ಇಟ್ಟರೆ ಎಷ್ಟೋ ಉಪಕರಣಗಳಲ್ಲಿ ನುಡಿಯುತ್ತಿರುವ ಸ್ವರವೇ ಕಡಿದುಬೀಳುತ್ತದೆ. ಗ್ಯಾಲಿಂಗ್‌ಗಳು ಜೋಡಿಯಾಗಿ ನುಡಿಯುತ್ತವೆ, ಪಿಚ್ ಬೆಂಡ್ ಇಡೀ ಚಾನೆಲ್ಲಿಗೆ, ಅಂದರೆ ಅದರಲ್ಲಿ ನುಡಿಯುವ ಎಲ್ಲ ಸ್ವರಗಳಿಗೂ, ತಗಲುತ್ತದೆ. ಎರಡಕ್ಕೂ ಪ್ರತ್ಯೇಕ ಚಾನೆಲ್ ಕೊಡದಿದ್ದರೆ ಇಬ್ಬರು ವಾದಕರ ನಡುವಿನ ಆ ಸಣ್ಣ ಅಂತರ ಅಳಿದುಹೋಗುತ್ತದೆ, ಜೋಡಿಯ ಅರ್ಥವೇ ಹೋಗುತ್ತದೆ.

ಇಷ್ಟು ಕಷ್ಟವೇಕೆ, ಮೈಕ್ ಇಟ್ಟು ನೇರವಾಗಿ ಧ್ವನಿಮುದ್ರಿಸಿದರಾಗದೇ ಎಂದು ಕೇಳಬಹುದು. ಪರಂಪರೆಯ ದಾಖಲೆಗೆ ಅದೇ ಸರಿಯಾದ ದಾರಿ, ಇದರಲ್ಲಿ ನನಗೆ ಅನುಮಾನವಿಲ್ಲ. ಮಠದ ಪೂಜೆಯ ದನಿಯನ್ನು ತುಣುಕುಗಳಾಗಿ ಕತ್ತರಿಸಿ ಕೀಲಿಗಳ ಮೇಲೆ ಹರಡಬಹುದೇ ಎಂಬುದನ್ನು ತೀರ್ಮಾನಿಸಬೇಕಾದವರೂ ಮಠದವರೇ. ಆದರೆ ಧ್ವನಿಮುದ್ರಣ ಏನು ಕೇಳಿಸಿತು ಎಂದು ಹೇಳುತ್ತದೆ, ಹೇಗೆ ಕಟ್ಟಲಾಯಿತು ಎಂದು ಬಿಡಿಸಿ ಹೇಳುವುದಿಲ್ಲ. ಕಲಿಸುವವರು, ಸಾಕ್ಷ್ಯಚಿತ್ರಕ್ಕೆ ಸಂಗೀತ ಹೊಂದಿಸುವವರು, ಒಂದೊಂದು ವಾದ್ಯವನ್ನೂ ಬೇರೆಯಾಗಿ ಕೇಳಬಯಸುವವರು, ಇವರಿಗೆ ಮಿಡಿಯ ದಾಖಲೆ ಬೇಕು. ಇನ್ನು ಕೆಲವರು, ಈಗ ಒಂದೊಂದು ಟ್ರ್ಯಾಕಿಗೂ ಒಂದೊಂದು ಪ್ಲಗಿನ್ (ಸಾಫ್ಟ್‌ವೇರ್ ವಾದ್ಯ) ಇರುವಾಗ ಪ್ರೋಗ್ರಾಂ ಚೇಂಜ್ ಹಳೆಯ ಮಾತು ಎನ್ನುತ್ತಾರೆ. ಪ್ಲಗಿನ್ ಇರುವವರೆಗೆ ಅದು ನಿಜ. ಕಂಪ್ಯೂಟರ್ ಬದಲಾಗಿ, ಪ್ಲಗಿನ್ ನಿಂತುಹೋಗಿ, ಟ್ರ್ಯಾಕಿನ ಹೆಸರು ಬರೀ ‘ಟ್ರ್ಯಾಕ್ 7’ ಎಂದಿದ್ದರೆ ಅಲ್ಲಿ ನುಡಿದದ್ದು ಶಂಖವೋ ದುಂಗ್‌ಚೆನ್ನೋ ಹೇಳುವವರು ಯಾರು? 2020ರ ಮಿಡಿ 2.0 ಬ್ಯಾಂಕನ್ನೂ ಪ್ರೋಗ್ರಾಮನ್ನೂ ಒಂದೇ ಸೂಚನೆಯಲ್ಲಿ ಸೇರಿಸಿ, ಪ್ರತಿ ಸ್ವರಕ್ಕೂ ಪ್ರತ್ಯೇಕ ಬೆಂಡ್ ಕೊಟ್ಟು ಅರ್ಧ ತೊಡಕನ್ನು ಬಿಡಿಸಿದೆ. ಆದರೂ ಯಾವ ಬದಲಾವಣೆ ವಾದ್ಯದ್ದು, ಯಾವುದು ಉಸಿರಿನದು ಎಂದು ತಿಳಿದು ಬರೆಯುವ ಕೆಲಸವನ್ನು ಯಾವ ಒಪ್ಪಂದವೂ ಮಾಡಿಕೊಡುವುದಿಲ್ಲ.

ಈ ಮಾತು ಮಠಗಳಿಗಷ್ಟೇ ಅಲ್ಲ, ಭಜನೆ ಮಂಡಳಿಗೆ ಟ್ರ್ಯಾಕ್ ಮಾಡುವವರಿಗೂ, ಮದುವೆ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರಿಗೂ ಅನ್ವಯಿಸುತ್ತದೆ. ಪ್ರತಿ ಟ್ರ್ಯಾಕಿನ ತಲೆಯಲ್ಲಿ ಬ್ಯಾಂಕ್ ಮತ್ತು ಪ್ರೋಗ್ರಾಂ ಸೂಚನೆ ಇಡಿ, ಟ್ರ್ಯಾಕಿಗೆ ವಾದ್ಯದ ಹೆಸರನ್ನೇ ಕೊಡಿ, ಕೆಲಸ ಮುಗಿದ ದಿನವೇ ಒಂದೊಂದು ಟ್ರ್ಯಾಕನ್ನೂ ಆಡಿಯೊ ಆಗಿ ಇಳಿಸಿ ಮಿಡಿ ಕಡತದ ಪಕ್ಕದಲ್ಲೇ ಇಟ್ಟುಕೊಳ್ಳಿ.